ಆ ನಾಲ್ಕನೇ ಸ್ಥಾನ ಬಿಟ್ಟು ಮಾತಾಡೋಣ

ಅದಿತಿ ಅಶೋಕ್ ಅಂದ ಕೂಡಲೇ ನಮಗೆ ನೆನಪಾಗೋದು 2021ರ ಆಗಸ್ಟಿನ ಆ ಶನಿವಾರ. ಬರ್ಡಿ ಅಂದ್ರೇನು, ಪಾರ್ ಅಂದ್ರೇನು ಅಂತ ಗೂಗಲ್ ಮಾಡುತ್ತಲೇ ಟೋಕಿಯೋ ಒಲಿಂಪಿಕ್ಸಿನ ಗಾಲ್ಫ್ ನೋಡಿದೆವು. ಒಂದೇ ಹೊಡೆತದಲ್ಲಿ ಕಂಚು ತಪ್ಪಿತು. ಅಯ್ಯೋ ಅಂದೆವು, ಮರೆತೆವು.

ನನಗಂತೂ ಇದು ಸರಿ ಕಾಣಲ್ಲ. ವೃತ್ತಿಪರ ಗಾಲ್ಫ್ ಅಂದ್ರೆ ಪದಕ ಅಲ್ಲ ಸ್ವಾಮಿ, ವಾರವಾರದ ದುಡಿಮೆ. ಎರಡು ದಿನ ಆಡಿದ ಮೇಲೆ ‘ಕಟ್’ ಅಂತ ಒಂದು ಗೆರೆ ಎಳೀತಾರೆ. ಅದರಾಚೆ ಉಳಿದವರಿಗೆ ಸಾಮಾನ್ಯವಾಗಿ ಬಹುಮಾನದ ಹಣ ಇಲ್ಲ. ವಿಮಾನ, ಹೋಟೆಲ್, ಕ್ಯಾಡಿಯ ಖರ್ಚು ಮಾತ್ರ ಇದ್ದೇ ಇದೆ! (ಆಕೆಗೆ ರಿಯೋದಲ್ಲಿ ಅಪ್ಪನೇ ಕ್ಯಾಡಿ, ಟೋಕಿಯೋದಲ್ಲಿ ಅಮ್ಮ.) ಬೆಂಗಳೂರಿನ ಈ ಹುಡುಗಿ 2016ರಲ್ಲಿ, 18ರ ವಯಸ್ಸಿಗೇ, ಇಂಡಿಯನ್ ಓಪನ್ ಗೆದ್ದು ಲೇಡೀಸ್ ಯುರೋಪಿಯನ್ ಟೂರಿನಲ್ಲಿ ಗೆದ್ದ ಮೊದಲ ಭಾರತೀಯಳಾದಳು. ಮರುವರ್ಷವೇ ಅಮೆರಿಕದ ಎಲ್‌ಪಿಜಿಎ ಟೂರಿಗೆ ಕಾಲಿಟ್ಟಳು.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನ ಕೊನೇ ದಿನ ಏಳು ಹೊಡೆತಗಳ ಮುನ್ನಡೆ ಕೈತಪ್ಪಿ ಬೆಳ್ಳಿ ಬಂತು. ಮತ್ತೆ ಅದೇ ‘ಅಯ್ಯೋ’. ಅದೇ ವರ್ಷ ಕೀನ್ಯಾದಲ್ಲೂ ಸ್ಪೇನಿನಲ್ಲೂ ಆಕೆ ಯುರೋಪಿಯನ್ ಟೂರಿನ ಟೂರ್ನಿ ಗೆದ್ದಾಗ ನಮ್ಮಲ್ಲಿ ಎಷ್ಟು ಜನ ‘ಭಲೇ’ ಅಂದಿದ್ವಿ, ಹೇಳಿ?