ಟಿಕ್ ಟಿಕ್ ಶಬ್ದಕ್ಕೆ ಮದ್ದು ಆಯಿಲ್

ಆಯಿಲ್ ಚೇಂಜ್ ಮುಂದೆ ಹಾಕಿದ್ರೆ ದುಡ್ಡು ಉಳೀತದೆ ಅನ್ನುವವರು ನಮ್ಮ ಪುತ್ತೂರು, ಸುಳ್ಯ, ಕಡಬ ಕಡೆ ತುಂಬಾ ಜನ ಇದ್ದಾರೆ. ನನ್ನ ಪ್ರಕಾರ ಅದು ಸಾಲ ಮಾಡಿದ ಹಾಗೆ. ಬಡ್ಡಿ ಆಮೇಲೆ ಹೆಡ್ ಕೆಲಸದ ಬಿಲ್‌ನಲ್ಲಿ ಬರ್ತದೆ.

ಇಂಜಿನ್ ಬಿಸಿಯಾದಾಗ ಲೋಹ ಹಿಗ್ತದೆ. ಅದಕ್ಕೇ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವೆ ಕೂದಲೆಳೆಯಷ್ಟು ಗ್ಯಾಪ್ ಬಿಡ್ತಾರೆ. ಗ್ಯಾಪ್ ಜಾಸ್ತಿಯಾದ್ರೆ ಟಿಕ್ ಟಿಕ್ ಶಬ್ದ. ಕಮ್ಮಿಯಾದ್ರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಶನ್ ಲೀಕ್ ಆಗ್ತದೆ, ಕೊನೆಗೆ ವಾಲ್ವೇ ಸುಡ್ತದೆ. ಸ್ಪ್ಲೆಂಡರ್‌ನಲ್ಲಿ ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಈ ಗ್ಯಾಪ್ ಸರಿ ಮಾಡ್ತಾರೆ. ಟ್ಯಾಪೆಟ್ ಸೆಟ್ಟಿಂಗ್ ಅಂದ್ರೆ ಅದೇ.

ಆದ್ರೆ ಡೀಸೆಲ್ ಸ್ವಿಫ್ಟ್, ಡಿಜೈರ್‌ನ 1.3 ಲೀಟರ್ ಫಿಯೆಟ್ ಮಲ್ಟಿಜೆಟ್ ಇಂಜಿನ್‌ನಲ್ಲಿ ಆ ಸ್ಕ್ರೂವೇ ಇಲ್ಲ. 16 ವಾಲ್ವ್‌ಗೆ 16 ಹೈಡ್ರಾಲಿಕ್ ಟ್ಯಾಪೆಟ್ ಉಂಟು. ಒಂದೊಂದರ ಒಳಗೂ ಒಂದು ಪ್ಲಂಜರ್, ಒಂದು ಸ್ಪ್ರಿಂಗ್, ಒಂದು ಸಣ್ಣ ಬಾಲ್. ಕ್ಯಾಮ್ ಒತ್ತದೇ ಇರುವಾಗ ಸ್ಪ್ರಿಂಗ್ ಪ್ಲಂಜರನ್ನು ಎತ್ತಿ ಗ್ಯಾಪ್ ತುಂಬಿಸ್ತದೆ, ಅದರ ಕೆಳಗಿನ ಜಾಗಕ್ಕೆ ಇಂಜಿನ್ ಆಯಿಲ್ ಬರ್ತದೆ. ಕ್ಯಾಮ್ ಒತ್ತಿದ ಕೂಡಲೇ ಬಾಲ್ ದಾರಿ ಮುಚ್ತದೆ. ಒಳಗೆ ಸಿಕ್ಕಿಬಿದ್ದ ಆಯಿಲ್ ಕುಗ್ಗುವುದಿಲ್ಲ, ಕಬ್ಬಿಣದ ತುಂಡಿನ ಹಾಗೆ ಗಟ್ಟಿ ನಿಲ್ತದೆ. ಲೋಹ ಹಿಗ್ಗಿದ್ರೆ ಚೂರೇ ಚೂರು ಆಯಿಲ್ ಬದಿಯಿಂದ ಸೋರಿ ಎತ್ತರ ಅಷ್ಟೇ ಕಮ್ಮಿಯಾಗ್ತದೆ.

ಅಂದ್ರೆ ಸ್ಕ್ರೂವಿನ ಕೆಲಸ ಇಲ್ಲಿ ಆಯಿಲ್ ಮಾಡ್ತದೆ. ಆಯಿಲ್ ಕೆಸರಾದ್ರೆ ಬಾಲ್ ಸರಿ ಕೂರುವುದಿಲ್ಲ. ಲೆವೆಲ್ ತುಂಬಾ ಇಳಿದ್ರೆ ಆಯಿಲ್ ಜೊತೆ ಗಾಳಿ ಸೇರ್ತದೆ. ಗಾಳಿ ಕುಗ್ತದೆ, ಶಬ್ದ ಶುರು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಟಿಕ್ ಟಿಕ್ ಅಂದ್ರೆ ಹೆದರ್ಬೇಡಿ. ಸಂಪಾಜೆ ಘಾಟಿ ಹತ್ತಿ ಬಿಸಿಯಾದ ಮೇಲೂ ನಿಲ್ಲದಿದ್ರೆ, ಗಾಡಿ ಆಫ್ ಮಾಡಿ ಮೊದಲು ಡಿಪ್‌ಸ್ಟಿಕ್ ನೋಡಿ, ಆಮೇಲೆ ಆಯಿಲ್ ಪ್ರೆಶರ್ ಚೆಕ್ ಮಾಡಿಸಿ. ಈ ಇಂಜಿನ್‌ಗೆ ‘ಟ್ಯಾಪೆಟ್ ಸೆಟ್ಟಿಂಗ್’ ಅಂತ ಬಿಲ್ ಬಂದ್ರೆ, ‘ಯಾವ ಸ್ಕ್ರೂ ಅಣ್ಣಾ?’ ಅಂತ ಕೇಳಿ. ಕೇಳುವುದರಲ್ಲಿ ನಾಚಿಕೆ ಎಂತದ್ದು?

ಮಾರುತಿ 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿತು. ಈಗ ನಮಗೆ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ತಗೊಳ್ಳುವಾಗ ಅಲಾಯ್ ವೀಲ್ ನೋಡಿ ಮರುಳಾಗ್ಬೇಡಿ, ಸರ್ವಿಸ್ ಬುಕ್ ಕೇಳಿ.

ಬಾಡಿಗೆ ಓಡಿಸುವವರಿಗೆ ಮಳೆಗಾಲದಲ್ಲಿ ಆಯಿಲ್‌ನ ದುಡ್ಡೂ ಭಾರವೇ, ಒಪ್ತೇನೆ. ಆದ್ರೆ ಬಿಕಾಂನವರಿಗೆ ಹೇಳಿಕೊಡ್ಬೇಕಾ? ಆಗಬೇಕಾದ ಖರ್ಚನ್ನು ಈ ವರ್ಷ ಬರೆಯದಿದ್ರೆ ಪುಸ್ತಕದಲ್ಲಿ ಲಾಭ ಕಾಣ್ತದೆ, ಅಷ್ಟೇ. ಲಾಭ ಆಗಿರುವುದಿಲ್ಲ.

ನಿಮ್ಮ ಮನೆ ಗಾಡಿಗೆ ಕೊನೆಯ ಆಯಿಲ್ ಚೇಂಜ್ ಯಾವಾಗ? ಕಮೆಂಟ್ ಹಾಕಿ 👇

#ಪುತ್ತೂರು #ಸುಳ್ಯ #ಕಡಬ #ಗಾಡಿಲೆಕ್ಕ