ಕೊಲೆಗೆ ಮುಂಚೆ ಬಂದ ದೂರಿಗೆ ಬೆಲೆ ಕೊಡಿ: ಬಾಗಲಕೋಟೆ ಜಿಲ್ಲಾಡಳಿತಕ್ಕೆ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು,
ಜಿಲ್ಲಾಡಳಿತ ಭವನ, ನವನಗರ, ಬಾಗಲಕೋಟೆ.

ಇವರಿಂದ,
ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲೂಕುಗಳ ಮಹಿಳೆಯರು, ನೇಕಾರರು, ಕಲ್ಲು ಕ್ವಾರಿ ಕಾರ್ಮಿಕರು, ರೈತರು ಮತ್ತು ಶಿಕ್ಷಕರು.

ವಿಷಯ: ಕೊಲೆ ಮತ್ತು ಮಾರಣಾಂತಿಕ ಹಲ್ಲೆಗಳ ಮೂಲ ಕಾರಣಗಳನ್ನು ಗುರುತಿಸಿ, ಮೊದಲ ದೂರಿನ ಹಂತದಲ್ಲೇ ತಡೆಯುವ ವ್ಯವಸ್ಥೆ ಮಾಡುವ ಕುರಿತು.

ಮಾನ್ಯರೇ,

ನಮ್ಮ ಭಾಗದಲ್ಲಿ ಕೊಲೆಯಾದಾಗ ಮರುದಿನದ ಪತ್ರಿಕೆಯಲ್ಲಿ ‘ಕ್ಷುಲ್ಲಕ ಕಾರಣಕ್ಕೆ ಕೊಲೆ’ ಎಂದು ಬರುತ್ತದೆ. ಆ ಓಣಿಯ ಜನರಿಗೆ ಮಾತ್ರ ಅದರ ಹಿಂದಿನ ವರ್ಷಗಳ ಕಥೆ ಗೊತ್ತಿರುತ್ತದೆ. ಕೊಲೆಯಾದ ಹೆಣ್ಮಗಳು ಎಷ್ಟು ಸಲ ತವರಿಗೆ ಓಡಿ ಹೋಗಿದ್ದಳು, ಹಿರಿಯರು ಎಷ್ಟು ಸಲ ಕೂತು ರಾಜಿ ಮಾಡಿಸಿದ್ದರು, ಬದುವಿನ ಜಗಳದಲ್ಲಿ ಅಣ್ಣ ತಮ್ಮಂದಿರು ಎಂದಿನಿಂದ ಮಾತು ಬಿಟ್ಟಿದ್ದರು ಎಂಬುದೆಲ್ಲ ಅವರಿಗೆ ತಿಳಿದಿರುತ್ತದೆ. ಕೊಲೆ ಮೊದಲೇ ಸೂಚನೆ ಕೊಟ್ಟು ಬರುತ್ತದೆ, ಆ ಸೂಚನೆಯನ್ನು ಕೇಳಿಸಿಕೊಳ್ಳುವ ಹೊಣೆ ಆಡಳಿತದ್ದು ಎಂಬುದು ಈ ಮನವಿಯ ತಿರುಳು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯೂ ಇದಕ್ಕೆ ಇಂಬು ಕೊಡುತ್ತದೆ. 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣಗಳು ದಾಖಲಾದವು. ಅವುಗಳಲ್ಲಿ 9,962ಕ್ಕೆ ಜಗಳ ಮತ್ತು ವ್ಯಾಜ್ಯಗಳೇ ಕಾರಣ. ಹಣ ಅಥವಾ ಲಾಭಕ್ಕಾಗಿ ನಡೆದವು 1,884 ಮಾತ್ರ. ಅಂದರೆ ಕಳ್ಳರ ಭಯಕ್ಕಿಂತ ಮನೆ, ಹೊಲ, ಓಣಿಯೊಳಗಿನ ಜಗಳವೇ ಹೆಚ್ಚು ಜೀವ ತೆಗೆಯುತ್ತಿದೆ. ದೊಡ್ಡ ಶಹರಗಳಿಗಾಗಿ ಯೋಚಿಸಿದ ಗಸ್ತು ವಾಹನ, ಸಿಸಿಟಿವಿ ಕ್ಯಾಮೆರಾಗಳು ಈ ಜಗಳದ ಮನೆಯೊಳಗೆ ಹೋಗುವುದಿಲ್ಲ.

ಈ ಜಗಳಗಳಿಗೆ ಮೊದಲ ಕಾರಣ ಕುಡಿತ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಹೆಣ್ಮಕ್ಕಳು ನಿಟ್ಟುಸಿರು ಬಿಟ್ಟರು. ಆದರೆ ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಪ್ಯಾಕು ಬಂತು. ಇವತ್ತು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ, ರಸ್ತೆ ಬದಿಯ ಡಾಬಾದಲ್ಲಿ ಅದು ಸಿಗುತ್ತದೆ. ಸನ್ನದು ಪಡೆದ ಅಂಗಡಿ ಬಾಗಿಲು ತೆಗೆಯುವ ಮೊದಲೇ, ಮುಂಜಾನೆ ಕ್ವಾರಿಗೆ ಹೊರಟವನ ಕೈಗೆ ಪ್ಯಾಕು ಬಂದಿರುತ್ತದೆ. ಅಕ್ಕಿ ಚೀಲದ ಹಿಂದಿನಿಂದ ತೆಗೆದು, ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಿ, ಉದ್ರಿ ಪುಸ್ತಕದಲ್ಲಿ ಬೇಳೆ ಎಣ್ಣೆಯ ಲೆಕ್ಕದ ಜೊತೆ ಬರೆಯುತ್ತಾರೆ. ವಾರದ ಪಗಾರ ಆ ಪುಸ್ತಕಕ್ಕೆ ಜಮೆಯಾಗುತ್ತದೆ. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತು ಒಂದೊಂದೇ ಎಳೆ ಹಿಡಿದು ಸೆರಗಿಗೆ ಕೊಂಡಿ ಹಾಕುವ ಹೆಣ್ಮಗಳು ತನ್ನ ಕೂಲಿ ಕೇಳಿದ ರಾತ್ರಿಯೇ ಹೊಡೆತ ತಿನ್ನುತ್ತಾಳೆ. ಪವರ್‌ಲೂಮ್ ಬಂದ ಮೇಲೆ ಕೈಮಗ್ಗದ ದುಡಿಮೆ ಮೊದಲೇ ಸೊರಗಿದೆ. ಉಳಿದದ್ದನ್ನು ಕುಡಿತ ನುಂಗುತ್ತಿದೆ.

2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋಗಿ ಕೇಳಿದ್ದು ಮದ್ಯದಿಂದ ಬಿಡುಗಡೆಯನ್ನೇ. ಅಷ್ಟು ದೊಡ್ಡ ತೀರ್ಮಾನ ಜಿಲ್ಲಾಡಳಿತದ ಕೈಯಲ್ಲಿಲ್ಲ ಎಂದು ನಮಗೆ ಗೊತ್ತು. ಆದರೆ ಅಕ್ರಮ ಮಾರಾಟ ನಿಲ್ಲಿಸುವುದು ನಿಮ್ಮ ಕೈಯಲ್ಲಿದೆ. ಈಗ ದಾಳಿ ಮಾಡಿದಾಗ ಸಿಕ್ಕಿಬೀಳುವವರು ಮುದುಕಿಯರು, ವಿಧವೆಯರು, ಸಣ್ಣ ಅಂಗಡಿಯವರು. ಅವರಿಗೆ ಪೆಟ್ಟಿಗೆಗಟ್ಟಲೆ ಮಾಲು ಕೊಟ್ಟ ಸನ್ನದುದಾರನ ಹೆಸರು ಹೊರಗೆ ಬರುವುದಿಲ್ಲ. ವಶಪಡಿಸಿಕೊಂಡ ಪ್ಯಾಕಿನ ಬ್ಯಾಚ್ ಸಂಖ್ಯೆಯನ್ನು ಪಂಚನಾಮೆಯಲ್ಲಿ ಬರೆಸಿ, ರಾಜ್ಯ ಪಾನೀಯ ನಿಗಮದ ಡಿಪೋ ದಾಖಲೆಯೊಂದಿಗೆ ತಾಳೆ ನೋಡಿ, ಮೂಲ ಅಂಗಡಿಯ ಸನ್ನದಿನ ಮೇಲೆ ಕ್ರಮ ಕೈಗೊಳ್ಳಲು ಅಬಕಾರಿ ಇಲಾಖೆಗೆ ಲಿಖಿತ ಆದೇಶ ನೀಡಬೇಕು. ಗ್ರಾಮಸಭೆ ವಿರೋಧಿಸಿ ಠರಾವು ಮಾಡಿದ ಊರಿನಲ್ಲಿ ಹೊಸ ಅಂಗಡಿಗೆ ಶಿಫಾರಸು ಮಾಡಬಾರದು. ತಾಲೂಕು ಆಸ್ಪತ್ರೆಗಳಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಗೆ ಹಾಸಿಗೆ ಮತ್ತು ಆಪ್ತಸಮಾಲೋಚಕರು ಬೇಕು. ಬಿಡಬೇಕೆಂದು ಬಂದವನನ್ನು ದೂರದ ಊರಿಗೆ ಕಳಿಸಿದರೆ ಅವನು ದಾರಿಯಲ್ಲೇ ಇಳಿದುಬಿಡುತ್ತಾನೆ.

ಎರಡನೆಯದು, ದೂರಿನ ಗತಿ. ಹೊಡೆತ ತಿಂದವಳು ಠಾಣೆಗೆ ಹೋದರೆ ‘ಗಂಡ ಹೆಂಡತಿ ಜಗಳ, ಮನಿಯಾಗ ಬಗೆಹರಿಸಿಕೊಳ್ರಿ’ ಎಂಬ ಮಾತು ಕೇಳಬೇಕಾಗುತ್ತದೆ. ಹೆಚ್ಚೆಂದರೆ ಅವನಿಂದ ಮುಚ್ಚಳಿಕೆ ಬರೆಸಿಕೊಂಡು, ಅವಳಿಗೊಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಅದೇ ಮನೆಯಿಂದ ಮೂರನೆಯ ಸಲ ದೂರು ಬಂದರೂ ಹಿಂದಿನ ಎರಡು ದೂರುಗಳನ್ನು ಯಾರೂ ತೆಗೆದು ನೋಡುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 126ರ ಅಡಿ ಶಾಂತಿ ಕಾಪಾಡುವ ಬಾಂಡ್ ಬರೆಸಿಕೊಳ್ಳುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಇದೆ. ಚುನಾವಣೆ ಮತ್ತು ಗಣೇಶ ಹಬ್ಬದ ಹೊತ್ತಿಗೆ ಬಳಕೆಯಾಗುವ ಈ ಅಧಿಕಾರವನ್ನು ಪದೇಪದೇ ಹೊಡೆಯುವವನ ಮೇಲೂ, ಹೊಲದ ಜಗಳದಲ್ಲಿ ಕೊಡಲಿ ಎತ್ತಿದವನ ಮೇಲೂ ಬಳಸಿರಿ. ಪ್ರತಿ ಠಾಣೆಯಲ್ಲಿ ಮರುಕಳಿಸಿದ ದೂರುಗಳಿಗೆ ಪ್ರತ್ಯೇಕ ವಹಿ ಇಡಿಸಿ, ಎರಡನೆಯ ದೂರು ಬಂದ ಕೂಡಲೇ ಬೀಟ್ ಪೊಲೀಸರು ಮನೆಗೆ ಹೋಗಿ ಬರುವಂತೆ ಸೂಚಿಸಿರಿ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಆಗಬೇಕು. ಆದರೆ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಇರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲ ಮೇಲೆ. ಅಂಗನವಾಡಿ, ಪೌಷ್ಟಿಕ ಆಹಾರ, ಸಭೆಗಳ ನಡುವೆ ಅವರು ಎಷ್ಟು ಮನೆಗಳಿಗೆ ಹೋಗಬಲ್ಲರು? ಈ ಕೆಲಸಕ್ಕೇ ಮೀಸಲಾದ ಒಬ್ಬರನ್ನು ಪ್ರತಿ ತಾಲೂಕಿಗೆ ಕೊಡುವಂತೆ ಸರ್ಕಾರಕ್ಕೆ ಪ್ರಸ್ತಾವ ಕಳಿಸಿರಿ. ಇಳಕಲ್‌ನಿಂದ ನವನಗರ ಐವತ್ತು ಕಿಲೋಮೀಟರಿಗೂ ದೂರ. ರಾತ್ರಿ ಮಕ್ಕಳನ್ನು ಕಟ್ಟಿಕೊಂಡು ಹೊರಬಿದ್ದವಳು ಜಿಲ್ಲಾ ಕೇಂದ್ರದಲ್ಲಿರುವ, ನೊಂದ ಮಹಿಳೆಯರ ಸಖಿ ಕೇಂದ್ರ ತಲುಪಲಾರಳು. ಹುನಗುಂದ ಅಥವಾ ಇಳಕಲ್‌ನಲ್ಲಿ ಮತ್ತು ಬಾದಾಮಿಯಲ್ಲಿ ರಾತ್ರಿ ಉಳಿಯಲು ತಲಾ ಒಂದು ಜಾಗ ಬೇಕೇ ಬೇಕು.

ಮುಂದೆ ಬರಲಿರುವ ಅಪಾಯವೊಂದಿದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆಗೆ ಜಮೀನು ಕೊಡುವವರಿಗೆ ನೀರಾವರಿ ಭೂಮಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಕೊಡಲು ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಪರಿಹಾರ ನ್ಯಾಯವಾದದ್ದು, ಬೇಗ ಸಿಗಲಿ. ಹಿಂದಿನ ಮುಳುಗಡೆಯನ್ನು ಕಂಡವರಿಗೆ ಒಮ್ಮೆಲೆ ಬಂದ ಗಂಟು ಮನೆಯನ್ನು ಹೇಗೆ ಒಡೆಯುತ್ತದೆ ಎಂಬುದೂ ಗೊತ್ತಿದೆ. ಉತಾರದಲ್ಲಿ ಇನ್ನೂ ಅಜ್ಜನ ಹೆಸರು, ವಾರಸಾ ಆಗಿಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೊಟ್ಟ ಹೆಣ್ಮಕ್ಕಳ ಪಾಲನ್ನು ಕೇಳಿದರೆ ತವರಿನ ಬಾಗಿಲೇ ಮುಚ್ಚುತ್ತದೆ. ಆದ್ದರಿಂದ ಪರಿಹಾರದ ಐತೀರ್ಪಿಗೆ ಮೊದಲೇ ಊರೂರಲ್ಲಿ ವಾರಸಾ ಅದಾಲತ್ ನಡೆಸಿ, ಹೆಣ್ಮಕ್ಕಳೂ ಸೇರಿ ಎಲ್ಲ ವಾರಸುದಾರರಿಗೆ ನೋಟಿಸ್ ಕೊಡಿಸಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಂಧಾನ ಮಾಡಿಸಿರಿ. ಹಣ ಗಂಡ ಹೆಂಡತಿಯ ಜಂಟಿ ಖಾತೆಗೆ ಬರುವಂತೆ ಪ್ರೋತ್ಸಾಹಿಸಿರಿ.

ಜಾತಿ ಮೀರಿ ಮದುವೆಯಾದವರ ಕೊಲೆಯ ಬಗ್ಗೆ ಬರೆಯುವಾಗ ಕೈ ನಡುಗುತ್ತದೆ. ನೆರೆಯ ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಲ್ಲಿ 2019ರ ನವೆಂಬರ್‌ನಲ್ಲಿ, ವರ್ಷಗಳ ನಂತರ ದೀಪಾವಳಿಗೆಂದು ಊರಿಗೆ ಬಂದ ದಂಪತಿಯನ್ನು ಕಲ್ಲಿನಿಂದ ಹೊಡೆದು ಕೊಂದರು. 2025ರ ಜನವರಿಯಲ್ಲಿ ಗದಗ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಆ ದಂಪತಿ ಸತ್ತು ಐದು ವರ್ಷಕ್ಕೆ ಬಂದ ತೀರ್ಪು ಅದು. ಬಸವಣ್ಣನವರ ಕೂಡಲಸಂಗಮ ಇರುವುದು ನಮ್ಮ ಹುನಗುಂದದ ನೆಲದಲ್ಲಿ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಆದ ಮದುವೆಯ ಬೆನ್ನಿಗೆ ಬಸವಣ್ಣ ನಿಂತರೆಂದು ಪ್ರತಿ ಜಯಂತಿಯ ಭಾಷಣದಲ್ಲಿ ಹೇಳುವ ನಾವು, ಇಂದಿನ ಅಂಥ ಜೋಡಿಗೆ ಒಂದು ಸುರಕ್ಷಿತ ಕೋಣೆ ತೋರಿಸಲಾರೆವು. ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್ 27ರಂದು ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, ಸಹಾಯವಾಣಿ ಇರಬೇಕೆಂದು ಹೇಳಿ, ಸುರಕ್ಷಿತ ಮನೆಗಳ ವ್ಯವಸ್ಥೆಯನ್ನೂ ಸೂಚಿಸಿದೆ. ಬಾಗಲಕೋಟೆಯಲ್ಲಿ ಆ ಘಟಕದ ಅಧಿಕಾರಿ ಯಾರು, ದೂರವಾಣಿ ಯಾವುದು ಎಂಬುದನ್ನು ಪ್ರತಿ ಉಪನೋಂದಣಿ ಕಚೇರಿ ಮತ್ತು ಕಾಲೇಜಿನಲ್ಲಿ ಬರೆದು ಹಾಕಿಸಿರಿ.

ಬಾದಾಮಿ, ಹುನಗುಂದದಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಆ ಮಕ್ಕಳು ಇದೇ ಕುಡಿತ, ಜಗಳಗಳ ದಾರಿ ಹಿಡಿಯದಂತೆ ಅವರಿಗಾಗಿ ಋತುಮಾನದ ವಸತಿ ಶಾಲೆಗಳನ್ನು ಪ್ರತಿ ವರ್ಷ ತಡಮಾಡದೆ ತೆರೆಯಬೇಕು.

ಮೇಲಿನ ಬೇಡಿಕೆಗಳ ಬಗ್ಗೆ ಪೊಲೀಸ್, ಅಬಕಾರಿ, ಕಂದಾಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳ ಅಧಿಕಾರಿಗಳನ್ನು ಒಂದೇ ಸಭೆಗೆ ಕರೆಯಿಸಿ, ನಮ್ಮ ಪ್ರತಿನಿಧಿಗಳಿಗೂ ಅಲ್ಲಿ ಮಾತಾಡಲು ಅವಕಾಶ ಕೊಡಬೇಕು. ಯಾವ ಬೇಡಿಕೆಗೆ ಯಾವ ಅಧಿಕಾರಿ ಹೊಣೆ, ಎಂದಿನೊಳಗೆ ಎಂಬುದನ್ನು ಮೂವತ್ತು ದಿನದೊಳಗೆ ನಮಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
(ನಾಲ್ಕೂ ತಾಲೂಕುಗಳ ನಾಗರಿಕರ ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು:
ಪೊಲೀಸ್ ವರಿಷ್ಠಾಧಿಕಾರಿಗಳು, ಬಾಗಲಕೋಟೆ
ಅಬಕಾರಿ ಉಪ ಆಯುಕ್ತರು, ಬಾಗಲಕೋಟೆ
ಅಧ್ಯಕ್ಷರು, ಕರ್ನಾಟಕ ರಾಜ್ಯ ಮಹಿಳಾ ಆಯೋಗ, ಬೆಂಗಳೂರು