ಮದ್ದಿಗಿಂತ ಮೊದಲು ಪರೀಕ್ಷೆ

ಈಚೆಗೆ ಸುರೇಬಾನದ ಒಂದು ಹಿತ್ತಲಿನಲ್ಲಿ ನಾವು ಸೊರಗಿದ ಪೇರಲ ಗಿಡವೊಂದನ್ನು ಕಂಡೆವು. ತುದಿಯ ಎಲೆಗಳೆಲ್ಲ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಎರಡು ವರ್ಷದಿಂದ ಕಾಯಿ ಸರಿಯಾಗಿ ಹಿಡಿದಿರಲಿಲ್ಲ. "ಯೂರಿಯಾ ಹಾಕಿದ್ದಾತು, ನೀರು ಬಿಟ್ಟದ್ದಾತು, ಇನ್ನ ಕಡಿಯೂದೊಂದ ಉಳದೈತ್ರಿ ಸರ್" ಎಂದರು ಮನೆಯ ಯಜಮಾನರು. ಅವರ ಮಗನು ವಿಜ್ಞಾನದ ವಿದ್ಯಾರ್ಥಿ. ರೋಗವನ್ನು ಅರಿಯದೆ ಮದ್ದು ಕೊಟ್ಟುದೇ ಇಲ್ಲಿಯ ತಪ್ಪೆಂದು ನಮ್ಮ ಅಭಿಪ್ರಾಯ.

ಹಳದಿ ಬಣ್ಣವು ಜ್ವರದಂತೆ ಒಂದು ಲಕ್ಷಣ, ಅದೇ ರೋಗವಲ್ಲ. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಹಳದಿಯಾದುದು ಯಾವ ಎಲೆ? ಸಾರಜನಕ ಸಾಲದಾದಾಗ ಗಿಡವು ಅದನ್ನು ಹಳೆಯ ಎಲೆಗಳಿಂದ ಚಿಗುರಿಗೆ ಸಾಗಿಸುತ್ತದೆ. ಕೆಳಗಿನ ಎಲೆಗಳು ಮೊದಲು ಬಿಳಚುತ್ತವೆ. ಪತ್ರಹರಿತ್ತಿನ ತಯಾರಿಕೆಗೆ ಬೇಕಾದ ಕಬ್ಬಿಣವಾದರೋ ಹಾಗೆ ಸುಲಭವಾಗಿ ಸಾಗದು. ಅದರ ಅಭಾವದಲ್ಲಿ ಎಳೆಯ ಎಲೆಗಳೇ ಮೊದಲು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನಾವು ಕಂಡುದು ಈ ಎರಡನೆಯ ಚಿತ್ರವನ್ನು.

ಹಾಗಾದರೆ ಎರೆಮಣ್ಣಿನಲ್ಲಿ ಕಬ್ಬಿಣವಿಲ್ಲವೇ? ಬೇಕಾದಷ್ಟಿದೆ. ಆದರೆ ಮಲಪ್ರಭೆಯ ಬಯಲಿನ ಎರೆಹೊಲಗಳಲ್ಲಿ ಸುಣ್ಣದ ಹರಳುಗಳನ್ನು ವಾಚಕರು ನೋಡಿರಬಹುದು. ಸುಣ್ಣವುಳ್ಳ ಮಣ್ಣು ಕ್ಷಾರಗುಣದ್ದು. ಪಿ.ಎಚ್. ಒಂದು ಅಂಕ ಏರಿದರೆ ಕರಗಿದ ಫೆರಿಕ್ ಅಯಾನುಗಳ ಪ್ರಮಾಣವು ಸುಮಾರು 1000 ಪಟ್ಟು ಇಳಿಯುತ್ತದೆ. ಕಣಜ ತುಂಬಿದ್ದರೂ ಬಾಗಿಲಿಗೆ ಬೀಗ ಬಿದ್ದಂತೆ! ಬುಡದಲ್ಲಿ ನೀರು ನಿಂತರೆ ಬೀಗವು ಇನ್ನಷ್ಟು ಬಿಗಿಯುತ್ತದೆ.

ಈ ಊಹೆಯನ್ನು ಪರೀಕ್ಷಿಸುವ ಉಪಾಯವನ್ನು ಫ್ರಾನ್ಸಿನ ಯೂಜೆಬ್ ಗ್ರಿ ಎಂಬವರು 1840ರ ದಶಕದಲ್ಲಿಯೇ ತೋರಿಸಿದರು: ಕಬ್ಬಿಣದ ಲವಣದ ದ್ರಾವಣವನ್ನು ಎಲೆಗೇ ಹಚ್ಚುವುದು. ಒಂದು ಲೀಟರ್ ನೀರಿನಲ್ಲಿ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ, ತುಸು ನಿಂಬೆರಸ ಹಿಂಡಿ, ಸಂಜೆಯ ಹೊತ್ತು ಹಳದಿ ಎಲೆಯ ಅರ್ಧಭಾಗಕ್ಕೆ ಮಾತ್ರ ಸವರಬೇಕು. ಉಳಿದರ್ಧವು ಹೋಲಿಕೆಗಾಗಿ. ಆ ಹುಡುಗನು ಹೀಗೆಯೇ ಮಾಡಿದನು. ಹತ್ತು ದಿನಗಳಲ್ಲಿ ಸವರಿದ ಭಾಗದಲ್ಲಿ ಹಸಿರು ಮಚ್ಚೆಗಳು ಮೂಡಿದವು. ಕೊಡಲಿ ಅಟ್ಟದ ಮೇಲೆ ಉಳಿಯಿತು.

ಆದರೆ ಇದರಿಂದ ಗಿಡ ಗುಣವಾಯಿತೆಂದು ತಿಳಿಯಬಾರದು. ಮುಂದಿನ ಚಿಗುರು ಮತ್ತೆ ಹಳದಿಯಾಗಬಹುದು; ಸಿಂಪಡಣೆ ಮುಂದುವರಿಯಬೇಕು, ನೀರು ನಿಲ್ಲದಂತೆ ನೋಡಬೇಕು. ಅನ್ನಭೇದಿಯನ್ನು ಬರಿದೆ ಬುಡಕ್ಕೆ ಸುರಿದರೆ ಅದೂ ಸುಣ್ಣದ ನೆಲದಲ್ಲಿ ಬಂದಿಯಾಗುತ್ತದೆ. ಎಲ್ಲ ಹಳದಿಗೂ ಕಬ್ಬಿಣವೇ ಮದ್ದೆಂಬುದೂ ಸರಿಯಲ್ಲ. ಅಮೆರಿಕದ ಕೆಂಪು ಮೇಪಲ್ ಮರಗಳು ಕ್ಷಾರಮಣ್ಣಿನಲ್ಲಿ ಬಹುಮಟ್ಟಿಗೆ ಹೀಗೆಯೇ ಹಳದಿಯಾಗುತ್ತವೆ. ಅಲ್ಲಿ ಸಾಮಾನ್ಯವಾಗಿ ಸಾಲದಿರುವುದು ಮ್ಯಾಂಗನೀಸ್.

ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಸೀಸೆಯಲ್ಲಿ ಫೆರಸ್ ಸಲ್ಫೇಟನ್ನು ಗುರುತಿಸುತ್ತಾರೆ; ಹಿತ್ತಲಿನಲ್ಲಿ ಕಬ್ಬಿಣದ ಹಸಿವನ್ನು ಗುರುತಿಸಲಾರರು. ಈ ದೂರವನ್ನು ಕಳೆಯಲು ದೊಡ್ಡ ಉಪಕರಣಗಳು ಬೇಕಾಗಿಲ್ಲ. ಒಂದು ಎಲೆ, ಅದರಲ್ಲಿ ಸವರದೆ ಬಿಟ್ಟ ಅರ್ಧ, ಹತ್ತು ದಿನಗಳ ತಾಳ್ಮೆ, ಇಷ್ಟಿದ್ದರೆ ಸಾಕು.